ಒಂದು ಪುಟಕ್ಕೆ ಎಷ್ಟು ಕೈ

(ಚಿಕ್ಕಮಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹಳೆಯ ಹಸ್ತಪ್ರತಿಯ ಚಿತ್ರ ನೋಡಿದ ಕೂಡಲೇ ನಾವೆಲ್ಲ ಮೊದಲು ಕೇಳುವುದು, ಇದು ಯಾವ ದೇವರು ಅಂತ. ಇವತ್ತು ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡೋಣ. ಈ ಪುಸ್ತಕ ಬರೆಸಿದವರು ಯಾರು? ಅಕ್ಷರ ಬರೆದವರು ಯಾರು? ಬಣ್ಣ ತುಂಬಿದವರು ಯಾರು? ಆಮೇಲೆ ಇದರ ಮುಂದೆ ಕೈಮುಗಿದು ಕೂತವರು ಯಾರು? ಇದನ್ನು ಕೇಳುತ್ತಾ ಹೋದರೆ ಭಕ್ತಿ ನಾವು ಹುಡುಕದ ಜಾಗದಲ್ಲೆಲ್ಲ ಸಿಗುತ್ತದೆ.

ಪರದೆಯ ಮೇಲೆ ಈಗ ಕಾಣುತ್ತಿರುವುದು ಮೇವಾಡದ ರಾಮಾಯಣದ ಒಂದು ಪುಟ. ಉದಯಪುರದ ರಾಣಾ ಜಗತ್ ಸಿಂಗ್ ಇದನ್ನು ಮಾಡಿಸಲು ಶುರು ಮಾಡಿದ. ಕೆಲಸ ನಡೆದದ್ದು 1649ರಿಂದ 1653ರವರೆಗೆ. ನಡುವೆ ರಾಣಾ ತೀರಿಕೊಂಡ, ಮಗ ರಾಜ್ ಸಿಂಗ್ ಕಾಲಕ್ಕೆ ಮುಗಿಯಿತು. ಏಳು ಕಾಂಡ, ನಾನೂರಕ್ಕೂ ಜಾಸ್ತಿ ಚಿತ್ರ. ಹೆಚ್ಚಿನ ಪಾಲು ಇವತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮಾಡಿಸಿದವರು ಸೂರ್ಯವಂಶದವರು, ರಾಮನ ಕುಲ ನಮ್ಮದು ಅಂತ ಹೇಳಿಕೊಳ್ಳುವ ಮನೆತನ. ಅವರ ಮನೆಯ ರಾಮಾಯಣಕ್ಕೆ ಅಕ್ಷರ ಬರೆದವನು ಮಹಾತ್ಮಾ ಹೀರಾನಂದ, ಜೈನ. ಮುಖ್ಯ ಚಿತ್ರಗಾರರಲ್ಲಿ ಒಬ್ಬ ಸಾಹಿಬ್ದೀನ್, ಮುಸಲ್ಮಾನ.

ಈ ಪುಟ ಯುದ್ಧಕಾಂಡದ್ದು. ಇಂದ್ರಜಿತು ಬಿಟ್ಟ ಸರ್ಪಾಸ್ತ್ರಕ್ಕೆ ಸಿಕ್ಕಿ ರಾಮ ಲಕ್ಷ್ಮಣರು ನೆಲದ ಮೇಲೆ ಬಿದ್ದಿದ್ದಾರೆ. ಮೈಯೆಲ್ಲ ಹಾವು ಸುತ್ತಿಕೊಂಡಿದೆ. ಸುತ್ತ ಕಪಿಗಳು. ಅತ್ತ ಅರಮನೆಯಲ್ಲಿ ರಾವಣ ಇದ್ದಾನೆ. ಮೇಲೆ ಪುಷ್ಪಕ ವಿಮಾನ. ಅದರಲ್ಲಿ ಸೀತೆ, ಜೊತೆಗೆ ತ್ರಿಜಟೆ. ನಿನ್ನ ಗಂಡ ಸತ್ತ, ಬೇಕಾದರೆ ನೋಡಿಕೋ ಅಂತ ರಾವಣನೇ ಕಳಿಸಿದ್ದು. ಕತೆ ನಿಮಗೆ ಗೊತ್ತು. ಈ ವಿಮಾನ ವಿಧವೆಯನ್ನು ಹೊರುವುದಿಲ್ಲ ತಾಯಿ, ನೀನು ಇದರಲ್ಲಿ ಕೂತಿದ್ದೀಯ ಅಂದಮೇಲೆ ರಾಮ ಬದುಕಿದ್ದಾನೆ ಅಂತ ತ್ರಿಜಟೆ ಸಮಾಧಾನ ಹೇಳುತ್ತಾಳೆ. ಸಾಹಿಬ್ದೀನ್ ಇಷ್ಟನ್ನೂ ಒಂದೇ ಹಾಳೆಯಲ್ಲಿ ತಂದಿದ್ದಾನೆ. ಒಂದೇ ವ್ಯಕ್ತಿ ಎರಡೆರಡು ಕಡೆ ಕಾಣಿಸಿಕೊಳ್ಳುತ್ತಾನೆ, ಯಾಕೆಂದರೆ ಹಾಳೆಯ ಮೇಲೆ ಕಾಲವೂ ನಡೆಯುತ್ತಿದೆ. ಇನ್ನೊಂದು ವಿಷಯ ಗಮನಿಸಿ. ಯುದ್ಧಭೂಮಿಯನ್ನು ನಾವೂ ಮೇಲಿನಿಂದಲೇ ನೋಡುತ್ತಿದ್ದೇವೆ. ಸೀತೆ ನೋಡುವ ಹಾಗೆಯೇ. ಅವಳ ಸಂಕಟದ ಜಾಗದಲ್ಲಿ ನಮ್ಮನ್ನು ಕೂರಿಸಿದ್ದಾನೆ ಆ ಚಿತ್ರಗಾರ.

ಸಾಹಿಬ್ದೀನ್ ರಾಮಭಕ್ತನಾಗಿದ್ದ ಅಂತ ನಾನು ಹೇಳಲಾರೆ. ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಅವನು ಅರಮನೆಯ ಚಿತ್ರಗಾರ, ಅದು ಅವನ ಕಸುಬು, ಅನ್ನ. ಆದರೆ ಅವನ ಕೆಲಸದ ಪಟ್ಟಿ ನೋಡಿ. 1628ರಲ್ಲಿ ರಾಗಮಾಲೆ, ಅಂದರೆ ರಾಗಗಳಿಗೆ ಬರೆದ ಚಿತ್ರಗಳು, 1629ರಲ್ಲಿ ಗೀತಗೋವಿಂದ, 1648ರಲ್ಲಿ ಭಾಗವತ, ಆಮೇಲೆ ಈ ರಾಮಾಯಣ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕೃಷ್ಣನ ಜೊತೆ, ರಾಮನ ಜೊತೆ ಕಳೆದ ಮನುಷ್ಯ. ಸುಮ್ನೆ ಕೂಲಿಗೆ ಮಾಡಿದ ಕೆಲಸ ಆಗಿದ್ದರೆ ಸೀತೆ ಎಲ್ಲಿ ನಿಂತು ನೋಡಿದಳು ಅನ್ನುವುದನ್ನು ಇಷ್ಟು ಯೋಚಿಸುತ್ತಿರಲಿಲ್ಲ. ಇನ್ನೊಬ್ಬರ ದೇವರ ಕತೆಯನ್ನು ಒಳಹೊಕ್ಕು ತಿಳಿದುಕೊಳ್ಳುವ ಶ್ರದ್ಧೆ ಇದು. ನಾನು ಮಾತಾಡಲು ಬಂದಿರುವುದು ಈ ಶ್ರದ್ಧೆಯ ಬಗ್ಗೆ.

ಈಗ ಹಿಂದಕ್ಕೆ ಹೋಗೋಣ, ಕಾಗದ ಬರುವುದಕ್ಕೂ ಮುಂಚಿನ ಕಾಲಕ್ಕೆ. ಉಳಿದು ಬಂದಿರುವ ನಮ್ಮ ಚಿತ್ರ ಪುಸ್ತಕಗಳಲ್ಲಿ ತುಂಬ ಹಳೆಯವು ಬೌದ್ಧರವು. ಪಾಲ ಅರಸರ ಕಾಲ, ಬಿಹಾರ ಮತ್ತು ಬಂಗಾಳದ ಕಡೆ, ನಳಂದದಂಥ ವಿಹಾರಗಳಲ್ಲಿ 11, 12ನೇ ಶತಮಾನದಲ್ಲಿ ತಯಾರಾದ ತಾಳೆಗರಿ ಪುಸ್ತಕಗಳು. ಹೆಚ್ಚಾಗಿ ಬರೆದದ್ದು ಅಷ್ಟಸಾಹಸ್ರಿಕಾ ಪ್ರಜ್ಞಾಪಾರಮಿತಾ. ಅದೊಂದು ತತ್ವದ ಪುಸ್ತಕ, ಶೂನ್ಯದ ಬಗ್ಗೆ ನಡೆಯುವ ದೀರ್ಘ ಸಂವಾದ. ಶೂನ್ಯಕ್ಕೆ ಚಿತ್ರ ಬರೆಯುವುದು ಹೇಗೆ? ಬರೆಯಲೇ ಇಲ್ಲ. ಆ ಓಲೆಗಳಲ್ಲಿರುವುದು ಬುದ್ಧನ ಬದುಕಿನ ಎಂಟು ಘಟನೆಗಳು, ಬೋಧಿಸತ್ವರು, ದೇವತೆಯರು. ಪಕ್ಕದ ಸಾಲಿಗೂ ಚಿತ್ರಕ್ಕೂ ಬಹಳ ಕಡೆ ಸಂಬಂಧವೇ ಇಲ್ಲ. ಚಿತ್ರ ಅಲ್ಲಿ ಪುಸ್ತಕವನ್ನು ಕಾಯುತ್ತಿದೆ. ಯಾಕೆಂದರೆ ಆ ಪುಸ್ತಕವೇ ದೇವಿ. ಪ್ರಜ್ಞಾಪಾರಮಿತೆ ಅನ್ನುವುದು ಗ್ರಂಥದ ಹೆಸರೂ ಹೌದು, ದೇವಿಯ ಹೆಸರೂ ಹೌದು. ಪುಸ್ತಕಕ್ಕೆ ಹೂವು, ಗಂಧ, ದೀಪ ಎಲ್ಲ ಸಲ್ಲುತ್ತಿತ್ತು. ಆಗಿನ ಮರದ ಹೊದಿಕೆಗಳು ಕೆಲವು ಉಳಿದಿವೆ. ಅವುಗಳ ಮೇಲೆ ಪೂಜೆಯ ಕಲೆಗಳು ಇವತ್ತಿಗೂ ಕಾಣುತ್ತವೆ.

ಇಲ್ಲಿಂದ ನಮ್ಮ ಮನೆಯಂಗಳಕ್ಕೇ ಬರೋಣ. ಹೊಯ್ಸಳರ ಮೂಲ ಎಲ್ಲಿ? ಇಲ್ಲೇ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಅಂದಿನ ಸೊಸೆವೂರಿನಲ್ಲಿ. ಅಲ್ಲಿ ದೇವಿಯ ಗುಡಿಯೂ ಇದೆ, ಜೈನ ಬಸದಿಗಳೂ ಇವೆ. ಹೊಯ್ಸಳ ಅಂದರೆ ನಮಗೆ ಕಲ್ಲು ಮಾತ್ರ ನೆನಪಾಗುತ್ತದೆ. ಬೇಲೂರು, ಹಳೇಬೀಡು, ಬೆಳವಾಡಿ, ಅಮೃತಾಪುರ. ಹೊಯ್ಸಳರ ಕಾಲದ ಬಣ್ಣ ಕೂಡ ಉಳಿದಿದೆ ಅಂದರೆ ಬಹಳ ಜನಕ್ಕೆ ಆಶ್ಚರ್ಯ. ಉಳಿದಿರುವುದು ಘಟ್ಟದ ಕೆಳಗೆ, ಮೂಡುಬಿದಿರೆಯಲ್ಲಿ.

ಅಲ್ಲಿನ ಗುರುಬಸದಿಯಲ್ಲಿ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸಿದ್ಧಾಂತ ಗ್ರಂಥಗಳಿವೆ. ಧವಲ, ಜಯಧವಲ, ಮಹಾಧವಲ. ದಿಗಂಬರ ಜೈನರಿಗೆ ಇದಕ್ಕಿಂತ ದೊಡ್ಡ ಗ್ರಂಥ ಇನ್ನೊಂದಿಲ್ಲ. ಷಟ್‌ಖಂಡಾಗಮ ಅನ್ನುವ ದಿಗಂಬರರ ಮೂಲ ಗ್ರಂಥಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಟೀಕೆ ಧವಲ. ಮೂಡುಬಿದಿರೆಯ ಓಲೆಗಳು 12ನೇ ಶತಮಾನದವು. ಭಾಷೆ ಮುಖ್ಯವಾಗಿ ಪ್ರಾಕೃತ, ಲಿಪಿ ನಮ್ಮ ಹಳೆಯ ಕನ್ನಡ. ಶ್ರೀತಾಳೆಯ ಗರಿ, ಅಂದರೆ ಅಗಲವಾದ ಮೆತ್ತನೆಯ ಜಾತಿ. ಕಂಟದಲ್ಲಿ, ಅಂದರೆ ಕಬ್ಬಿಣದ ಮೊನೆಯಲ್ಲಿ ಕೊರೆದು ಕಾಡಿಗೆ ತಿಕ್ಕಿದ್ದಲ್ಲ, ಶಾಯಿಯಲ್ಲಿ ಬರೆದದ್ದು. ಚಿತ್ರವಿರುವ ಓಲೆಗಳು ಕೆಲವೇ ಕೆಲವು. ಅಂಗೈ ಅಗಲವೂ ಇಲ್ಲದ ಜಾಗದಲ್ಲಿ ಹೆಡೆ ಬಿಚ್ಚಿದ ಸರ್ಪದ ಕೆಳಗೆ ಪಾರ್ಶ್ವನಾಥ, ಬಳ್ಳಿ ಹಬ್ಬಿದ ಬಾಹುಬಲಿ, ಯಕ್ಷಿಯರು, ಕೈಮುಗಿದ ಭಕ್ತರು.

ಕಾಲ ನೋಡಿ. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಅವನು ವಿಷ್ಣುವಿನ ಭಕ್ತ. ರಾಣಿ ಶಾಂತಲೆ ಜೈನಳಾಗಿಯೇ ಉಳಿದು ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಒಂದೇ ಅರಮನೆಯಲ್ಲಿ ಎರಡು ಭಕ್ತಿ. ಅದೇ ನಾಡು, ಅದೇ ಶತಮಾನ. ಅತ್ತ ಬಳಪದ ಕಲ್ಲಿನಲ್ಲಿ ಆಳ ಆಳಕ್ಕೆ ಕೊರೆದ ಮದನಿಕೆ, ಇತ್ತ ಗರಿಯ ಮೇಲೆ ಒಂದೆಳೆ ಗೆರೆಯ ಯಕ್ಷಿ. ಎರಡನ್ನೂ ಒಟ್ಟಿಗೆ ನೋಡದೆ ಹೊಯ್ಸಳರ ಕಲೆ ನೋಡಿದೆ ಅನ್ನುವಂತಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೇಲೂರಿಗೆ ನೂರು ಸಲ ಹೋದವರೂ ಈ ಓಲೆಗಳ ಫೋಟೋ ಕೂಡ ನೋಡಿರುವುದಿಲ್ಲ. ನನಗೆ ಅದು ನಿಜವಾಗಿಯೂ ಬೇಜಾರಿನ ಸಂಗತಿ.

ಈ ಗ್ರಂಥಗಳನ್ನು ಬಹುಕಾಲ ಯಾರೂ ಓದಲಿಲ್ಲ. ದರ್ಶನ ಮಾಡಿದರು. ದೂರದೂರದಿಂದ ಯಾತ್ರೆ ಬಂದವರು ಓಲೆಕಟ್ಟಿಗೆ ಕೈಮುಗಿದು ಹೋಗುತ್ತಿದ್ದರು. ಅಚ್ಚಾಗಿ ಹೊರಬರಲು ಶುರುವಾದದ್ದು 1939ರಲ್ಲಿ, ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ. ಕಾಪಾಡಿದವರು ಮುಚ್ಚಿಟ್ಟರು ಅಂತ ಬಯ್ಯುವವರಿದ್ದಾರೆ. ಎಂಟುನೂರು ವರ್ಷ ಗೆದ್ದಲು, ಮಳೆ, ಕರಾವಳಿಯ ತೇವದಿಂದ ಓಲೆಯನ್ನು ಉಳಿಸುವುದು ಸಣ್ಣ ಕೆಲಸ ಅಲ್ಲ. ಪೂಜೆ ಇಲ್ಲದಿದ್ದರೆ ಅವು ಉಳಿಯುತ್ತಲೇ ಇರಲಿಲ್ಲ.

ಜೈನರ ಇನ್ನೊಂದು ಕವಲು ಗುಜರಾತಿನಲ್ಲಿ. ತೀರ್ಥಂಕರರ ಜೀವನ ಹೇಳುವ ಶ್ವೇತಾಂಬರರ ಕಲ್ಪಸೂತ್ರ. ಪರ್ಯೂಷಣ ಅನ್ನುವ ಹಬ್ಬದ ದಿನಗಳಲ್ಲಿ ಅದನ್ನು ಸಭೆಯಲ್ಲಿ ಓದುತ್ತಾರೆ, ಚಿತ್ರಗಳನ್ನು ಜನಕ್ಕೆ ತೋರಿಸುತ್ತಾರೆ. ವ್ಯಾಪಾರಿಗಳು ಪುಣ್ಯಕ್ಕೆಂದು ಬರೆಸಿ ಭಂಡಾರಗಳಿಗೆ ದಾನ ಕೊಟ್ಟರು. ಬಂಗಾರ, ಅಫ್ಘಾನಿಸ್ತಾನದ ಬದಖ್‌ಶಾನದಿಂದ ಬಂದ ಲಾಜವರ್ದ ಕಲ್ಲಿನ ನೀಲಿ, ಕೆಂಪು. ತಾಳೆಗರಿಯಿಂದ ಕಾಗದಕ್ಕೆ ಬಂದಮೇಲೂ ದಾರ ಪೋಣಿಸುವ ತೂತಿನ ಜಾಗದಲ್ಲಿ ಬಣ್ಣದ ಬೊಟ್ಟು ಇಡುವುದನ್ನು ಬಿಡಲಿಲ್ಲ. ತೂತಿಲ್ಲ, ದಾರವಿಲ್ಲ, ಬೊಟ್ಟು ಮಾತ್ರ ಇದೆ. ಅದೇ ಪುಸ್ತಕಗಳ ಜೊತೆ ಕಾಲಕಾಚಾರ್ಯನ ಕತೆಯೂ ಇರುತ್ತದೆ. ಉಜ್ಜಯಿನಿಯ ದೊರೆ ಗರ್ದಭಿಲ್ಲ ಸನ್ಯಾಸಿನಿಯಾದ ಸರಸ್ವತಿಯನ್ನು ಎಳೆದೊಯ್ಯುತ್ತಾನೆ. ಅವಳ ಅಣ್ಣ ಕಾಲಕಾಚಾರ್ಯ ಹೊರಗಿನ ಶಾಹಿಗಳ, ಅಂದರೆ ಶಕ ದೊರೆಗಳ ನೆರವು ಪಡೆದು ಬಿಡಿಸಿಕೊಂಡು ಬರುತ್ತಾನೆ. ಚಿತ್ರಗಾರ ಜೈನ ಮುನಿಯ ಮುಖವನ್ನು ತನ್ನ ಸಂಪ್ರದಾಯದಂತೆ ಬರೆದ. ಮೂಗು ಚೂಪು, ಆಚೆಯ ಕಣ್ಣು ಮುಖದಿಂದ ಹೊರಗೆ ಚಾಚಿಕೊಂಡಿದೆ. ಶಾಹಿಗಳಿಗೆ ಬಂದಾಗ ಕೈ ಬದಲಾಗುತ್ತದೆ. ಅವರು ಪಾರಸಿ ಪುಸ್ತಕದಿಂದ ಎದ್ದು ಬಂದವರ ಹಾಗೆ, ದುಂಡು ಮುಖ, ಪೂರ್ತಿ ಎರಡು ಕಣ್ಣು. ಅಂದರೆ ಈ ಚಿತ್ರಗಾರರು ಸುಲ್ತಾನರ ಕಡೆಯ ಪುಸ್ತಕಗಳನ್ನು ಗಮನವಿಟ್ಟು ನೋಡಿದ್ದರು.

ಚಿತ್ರ ತೋರಿಸಿ ಧರ್ಮ ಹೇಳುವುದು ನೋಡಬೇಕು ಅಂದರೆ ಗುಜರಾತಿಗೇ ಹೋಗಬೇಕಾಗಿಲ್ಲ. ಶ್ರವಣಬೆಳಗೊಳದ ಮಠದ ಗೋಡೆಯ ಮೇಲೆ ಒಂದು ಹಣ್ಣಿನ ಮರ, ಆರು ಜನ ಇದ್ದಾರೆ. ಹಣ್ಣಿಗಾಗಿ ಒಬ್ಬ ಮರವನ್ನೇ ಬುಡಸಮೇತ ಕಡಿಯಲು ಹೊರಟಿದ್ದಾನೆ, ಒಬ್ಬ ಕೊಂಬೆಗೆ ಕೈ ಹಾಕಿದ್ದಾನೆ, ಕೊನೆಯವನು ಕೆಳಗೆ ಬಿದ್ದದ್ದನ್ನು ಮಾತ್ರ ಆರಿಸುತ್ತಾನೆ. ಆರು ಲೇಶ್ಯೆಗಳು, ಮನಸ್ಸಿನ ಆರು ಬಣ್ಣ. ಹಾಸನದ ಕಡೆ ಹೋದಾಗ ಬೆಟ್ಟ ಹತ್ತಿ ಹಾಗೇ ವಾಪಸ್ ಬರಬೇಡಿ, ಮಠಕ್ಕೂ ಹೋಗಿ.

ಇಸ್ಲಾಮಿನಲ್ಲಿ ಕುರಾನಿಗೆ ಚಿತ್ರ ಬರೆಯುವುದಿಲ್ಲ. ಹಾಗಾದರೆ ಆ ಭಕ್ತಿ ಎಲ್ಲಿ ಕಾಣುತ್ತದೆ? ಅಕ್ಷರದಲ್ಲಿ. 1399ರಲ್ಲಿ ಗ್ವಾಲಿಯರ್ ಕೋಟೆಯಲ್ಲಿ ಬರೆದು ಮುಗಿಸಿದ ಒಂದು ಕುರಾನ್ ಇದೆ, ಈಗ ಟೊರಾಂಟೊದ ಆಗಾ ಖಾನ್ ವಸ್ತುಸಂಗ್ರಹಾಲಯದಲ್ಲಿದೆ. ಹಿಂದಿನ ವರ್ಷವಷ್ಟೇ ತೈಮೂರ್ ದಿಲ್ಲಿಯನ್ನು ಹಾಳು ಮಾಡಿದ್ದ. ಅಂಥ ಹೊತ್ತಿನಲ್ಲಿ ಕೂತು ಬಂಗಾರ, ನೀಲಿ, ಕೆಂಪಿನಲ್ಲಿ ಪುಟಗಳ ಅಂಚು ತುಂಬಿಸಿದ್ದಾರೆ. ಲಿಪಿಗೆ ಬಿಹಾರಿ ಅಂತ ಹೆಸರು, ಭಾರತದಲ್ಲೇ ಬೆಳೆದದ್ದು. ಬೇಲೂರಿನ ತೇರಿನಲ್ಲಿ ಕುರಾನ್ ಪಠಣ ಕೇಳಿದವರು ನಿಮ್ಮಲ್ಲಿ ಬಹಳ ಜನ ಇರಬಹುದು. ಕಿವಿಯಲ್ಲಿ ಕೇಳಿದ ಆ ಏರಿಳಿತವನ್ನು ಕಣ್ಣಿಗೆ ಕಾಣಿಸುವ ಹಾಗೆ ಬರೆಯುವುದೇ ಆ ಲಿಪಿಕಾರರ ಆಸೆ.

ಈಗ ಅಕ್ಬರನ ಆಸ್ಥಾನ. 1582ರಲ್ಲಿ ಮಹಾಭಾರತವನ್ನು ಪಾರಸಿಗೆ ತರುವ ಕೆಲಸ ಶುರುವಾಯಿತು. ಪಂಡಿತರು ಸಂಸ್ಕೃತ ಓದಿ ಅರ್ಥ ಹೇಳುವುದು, ನಕೀಬ್ ಖಾನ್ ಮುಂತಾದವರು ಪಾರಸಿಯಲ್ಲಿ ಬರೆಯುವುದು. ಹೆಸರು ರಜ್ಮ್‌ನಾಮಾ. ನಮ್ಮ ಜಿಲ್ಲೆಯವರಿಗೆ ಇದರಲ್ಲಿ ಒಂದು ವಿಶೇಷ ಇದೆ. ಅಶ್ವಮೇಧ ಪರ್ವಕ್ಕೆ ಬಂದಾಗ ಅವರು ವ್ಯಾಸರದ್ದನ್ನು ಬಿಟ್ಟು ಜೈಮಿನಿಯ ಅಶ್ವಮೇಧವನ್ನು ಹಿಡಿದರು. ಕಡೂರಿನ ದೇವನೂರಿನ ಲಕ್ಷ್ಮೀಶ ಕನ್ನಡಕ್ಕೆ ತಂದದ್ದೂ ಅದನ್ನೇ, ಅಲ್ವಾ? ನಮ್ಮ ಅಜ್ಜಂದಿರು ಜಗಲಿಯಲ್ಲಿ ಕೂತು ಗಮಕಿಗಳಿಂದ ಕೇಳಿದ ಚಂದ್ರಹಾಸ, ಸುಧನ್ವ, ತಾಮ್ರಧ್ವಜ, ಅವರೆಲ್ಲ ಮೊಗಲರ ಪುಸ್ತಕದೊಳಕ್ಕೂ ಹೋಗಿದ್ದಾರೆ. ಕುದಿಯುವ ಎಣ್ಣೆಯ ಕೊಪ್ಪರಿಗೆಯಲ್ಲಿ ಕೃಷ್ಣಾ ಎಂದ ಸುಧನ್ವನ ಭಕ್ತಿಯನ್ನು ಪಾರಸಿಯಲ್ಲಿ ಓದಿದವರಿದ್ದರು. ನನಗಂತೂ ಇದು ರೋಮಾಂಚನ ತರುವ ವಿಷಯ.

ಆ ಪುಸ್ತಕಕ್ಕೆ ಕೆಲಸ ಮಾಡಿದ ದೊಡ್ಡ ಚಿತ್ರಗಾರ ದಸ್ವಂತ್. ಪಲ್ಲಕ್ಕಿ ಹೊರುವವನ ಮಗ. ಗೋಡೆಯ ಮೇಲೆಲ್ಲ ಚಿತ್ರ ಗೀಚುತ್ತಿದ್ದ ಹುಡುಗ ಅಕ್ಬರನ ಕಣ್ಣಿಗೆ ಬಿದ್ದ ಅಂತ ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ಬರೆದಿದ್ದಾನೆ. ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, 1584ರಲ್ಲಿ, ಮನಸ್ಸಿನ ಸ್ವಾಸ್ಥ್ಯ ಕೆಟ್ಟು ಪ್ರಾಣ ಕಳೆದುಕೊಂಡ.

ಎಲ್ಲರೂ ಖುಷಿಯಿಂದ ಮಾಡಿದ ಕೆಲಸ ಇದು ಅಂತ ತಿಳಿಯಬೇಡಿ. ಅನುವಾದಕರಲ್ಲಿ ಒಬ್ಬನಾದ ಬದಾಯೂನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ರಾಮಾಯಣದ ಅನುವಾದವನ್ನೂ ಅವನ ತಲೆಗೇ ಕಟ್ಟಿದರು. ತನ್ನ ಧರ್ಮಕ್ಕೆ ಅಪಚಾರ ಆಯಿತಲ್ಲ ಅನ್ನುವ ನೋವನ್ನು ಅವನು ಬರೆದಿಟ್ಟಿದ್ದಾನೆ. ಆ ನೋವೂ ಭಕ್ತಿಯದ್ದೇ. ಅದನ್ನು ಮರೆಮಾಚಿ ಸೌಹಾರ್ದದ ಕತೆ ಹೇಳಿದರೆ ಇತಿಹಾಸಕ್ಕೆ ಮೋಸ. ಆದರೆ ಅದೇ ರಾಮಾಯಣ ಮುಗಿದಮೇಲೆ ಅಕ್ಬರನ ತಾಯಿ ಹಮೀದಾ ಬಾನು ಬೇಗಂ ತನಗಾಗಿ ಒಂದು ಚಿತ್ರಪ್ರತಿ ಇಟ್ಟುಕೊಂಡಿದ್ದಳು. 1594ರಲ್ಲಿ ಮುಗಿದದ್ದು, ಈಗ ದೋಹಾದಲ್ಲಿದೆ. ವಯಸ್ಸಾದ ಆ ತಾಯಿಯ ಕೈಗೂ ಸೀತೆಯ ಕತೆ ಬಂತು.

ಕ್ರೈಸ್ತರ ಪುಸ್ತಕವೂ ಅಲ್ಲಿಗೆ ಬಂತು. 1580ರಲ್ಲಿ ಗೋವೆಯಿಂದ ಫತೇಪುರ ಸಿಕ್ರಿಗೆ ಹೋದ ಜೆಸೂಟ್ ಪಾದ್ರಿಗಳು ಹಲವು ಭಾಷೆಗಳಲ್ಲಿ ಅಚ್ಚಾದ ಬೈಬಲ್ ಸಂಪುಟಗಳನ್ನು ಕೊಟ್ಟರು. ಅಕ್ಬರ್ ಅವುಗಳಿಗೆ ಮುತ್ತಿಟ್ಟು ತಲೆಯ ಮೇಲೆ ಇಟ್ಟುಕೊಂಡ ಅಂತ ಆ ಪಾದ್ರಿಗಳೇ ದಾಖಲಿಸಿದ್ದಾರೆ. ಚಿತ್ರಗಾರರು ಯುರೋಪಿನ ಅಚ್ಚುಚಿತ್ರಗಳನ್ನು ನೋಡಿ ನೋಡಿ ಬರೆದರು. 1600ರಲ್ಲಿ ಅಬುಲ್ ಹಸನ್ ಅನ್ನುವ 13 ವರ್ಷದ ಹುಡುಗ ಜರ್ಮನಿಯ ಡ್ಯೂರರನ ಚಿತ್ರದಿಂದ ಸಂತ ಯೋಹಾನನನ್ನು ಬರೆದಿದ್ದಾನೆ. ಶಿಲುಬೆಯ ಕೆಳಗೆ ಕೈ ಹಿಸುಕಿಕೊಂಡು ನಿಂತ ಶಿಷ್ಯ ಅವನು. ಸುತ್ತಲಿನ ಎಲ್ಲವನ್ನೂ ಬಿಟ್ಟು ಆ ದುಃಖವನ್ನಷ್ಟೇ ಆ ಹುಡುಗ ಎತ್ತಿಕೊಂಡಿದ್ದಾನೆ.

ದಿಲ್ಲಿ, ಆಗ್ರಾ ಸಾಕು. ನಮ್ಮ ಬಿಜಾಪುರಕ್ಕೆ ಬನ್ನಿ. ಎರಡನೇ ಇಬ್ರಾಹಿಂ ಆದಿಲ್ ಶಾಹ್, 1580ರಿಂದ 1627ರವರೆಗೆ ಆಳಿದವನು, ಜನ ಜಗದ್ಗುರು ಅಂತ ಕರೆದ ಸುಲ್ತಾನ. ಹಾಡುಗಾರ. ದಖ್ಖನಿಯಲ್ಲಿ ತಾನೇ ಕಟ್ಟಿದ ಹಾಡುಗಳ ಕಿತಾಬೆ ನೌರಸ್‌ನಲ್ಲಿ ಸರಸ್ವತಿಯ ಸ್ತುತಿ ಇದೆ, ಪೈಗಂಬರರ ಸ್ತುತಿ ಇದೆ, ಕಲಬುರಗಿಯ ಬಂದೇ ನವಾಜರ ಸ್ತುತಿ ಇದೆ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟು, ಅದರ ಮೇಲೂ ಹಾಡು ಕಟ್ಟಿದ್ದಾನೆ. ಅವನ ಆಸ್ಥಾನದ ಫರ್ರುಖ್ ಹುಸೇನ್ 1604ರ ಸುಮಾರಿಗೆ ಬರೆದ ಸರಸ್ವತಿ ಇದು. ಸಿಂಹಾಸನದ ಮೇಲೆ ಕೂತು ವೀಣೆ ಹಿಡಿದಿದ್ದಾಳೆ. ಪಾರಸಿ ಶೈಲಿ ಕಲಿತ ಕೈ, ಅದಕ್ಕೇ ಈ ಸರಸ್ವತಿ ನಮ್ಮ ಕ್ಯಾಲೆಂಡರಿನವಳ ಹಾಗಿಲ್ಲ, ಒಬ್ಬ ರಾಣಿಯ ಹಾಗಿದ್ದಾಳೆ. ಚಿತ್ರದ ಮೇಲೆಯೇ ಬರಹ ಇದೆ. ಇಬ್ರಾಹಿಮನ ತಂದೆ ಗುರು ಗಣಪತಿ, ತಾಯಿ ಪವಿತ್ರ ಸರಸ್ವತಿ ಅಂತ. ಇದನ್ನು ರಾಜಕೀಯ ಅನ್ನುವವರಿದ್ದಾರೆ. ಪ್ರಜೆಗಳನ್ನು ಒಲಿಸಿಕೊಳ್ಳಲು ಬೇರೆ ನೂರು ದಾರಿ ಇವೆ. ದೇವಿಯನ್ನು ತಾಯಿ ಅಂತ ಕರೆದು, ಅದನ್ನು ತನ್ನ ಹಾಡಿನಲ್ಲೂ ಚಿತ್ರದಲ್ಲೂ ಇಟ್ಟವನನ್ನು ನಾನು ನಂಬುತ್ತೇನೆ.

ಪಂಜಾಬಿನದು ಒಂದು ನೋಡಿ ಮುಂದೆ ಹೋಗೋಣ. ಗುರು ನಾನಕರ ಜೀವನ ಹೇಳುವ ಪುಸ್ತಕಗಳಿಗೆ ಜನಮ್‌ಸಾಖಿ ಅನ್ನುತ್ತಾರೆ. 1733ರ ಒಂದು ಪ್ರತಿ ಲಂಡನ್ನಿನಲ್ಲಿದೆ, 57 ಚಿತ್ರ. ಬಿ-40 ಅಂತಲೇ ಪ್ರಸಿದ್ಧ. ಚಿತ್ರ ಬರೆದವನು ಆಲಂ ಚಂದ್ ರಾಜ್. ರಾಜ್ ಅಂದರೆ ಗಾರೆ ಕೆಲಸದವನು. ಅರಮನೆಯ ನಯ ನಾಜೂಕು ಇಲ್ಲಿಲ್ಲ. ಬಣ್ಣ ಅಗಲಗಲ, ಗೆರೆ ನೇರ. ಮರದ ಕೆಳಗೆ ನಾನಕರು, ಪಕ್ಕದಲ್ಲಿ ರಬಾಬ್ ಹಿಡಿದ ಮರ್ದಾನಾ. ಮರ್ದಾನಾ ಮುಸಲ್ಮಾನ, ಕೊನೆಯವರೆಗೂ ಜೊತೆಗಾರ. ಎದುರಿಗೆ ಕೂತು ಮಾತಾಡುವವರು ಒಂದು ಪುಟದಲ್ಲಿ ಯೋಗಿಗಳು, ಇನ್ನೊಂದರಲ್ಲಿ ಫಕೀರರು.

ಈ ಚಿತ್ರಗಳಲ್ಲಿ ಎಷ್ಟೋ ಈಗ ಮಾಸಿವೆ. ಹುಳು ತಿಂದದ್ದಿದೆ, ನೀರು ಕುಡಿದದ್ದಿದೆ. ಕೆಲವು ಕಡೆ ಭಕ್ತಿಯೇ ಚಿತ್ರವನ್ನು ಅಳಿಸಿದೆ. ಮುಟ್ಟಿ ಕಣ್ಣಿಗೆ ಒತ್ತಿಕೊಂಡದ್ದು, ಗಂಧ ಹಚ್ಚಿದ್ದು, ದೀಪ ಹತ್ತಿರ ಹಿಡಿದದ್ದು. ಬರೆದವರಿಗೆ ಇದು ಮೊದಲೇ ಗೊತ್ತಿತ್ತು. ಹಸ್ತಪ್ರತಿಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಶ್ಲೋಕ ಇದೆ: ‘ತೈಲಾದ್ರಕ್ಷೇಜ್ಜಲಾದ್ರಕ್ಷೇದ್ರಕ್ಷೇಚ್ಛಿಥಿಲಬಂಧನಾತ್’. ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ತಿಳಿಯದವರ ಕೈಗೆ ಕೊಡಬೇಡಿ ಅಂತ ಪುಸ್ತಕವೇ ಹೇಳುತ್ತಿದೆಯಂತೆ. ಜೊತೆಗೇ ಬರುವ ಇನ್ನೊಂದರಲ್ಲಿ ಬರೆದವನ ಬೆನ್ನು, ಸೊಂಟ, ಕತ್ತು ಮುರಿದುಹೋದ ಮಾತಿದೆ. ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ ಅಂತ.

ಇದನ್ನು ಹೇಳುವುದಕ್ಕೆ ಕಾರಣ ಇದೆ. ನಮ್ಮ ಮಲೆನಾಡಿನ ಹಳೆಯ ಮನೆಗಳ ಅಟ್ಟದ ಮೇಲೆ, ದೇವರ ಕೋಣೆಯಲ್ಲಿ ಇನ್ನೂ ಓಲೆಕಟ್ಟುಗಳಿವೆ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಇಳಿಸುತ್ತೀರಿ, ಆಮೇಲೆ ಮೇಲಿಡುತ್ತೀರಿ. ಓದಲು ಬರುವುದಿಲ್ಲ ಅಂತ ಹೊಳೆಗೆ ಬಿಡಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಿಂದ ಇದೆ. ಕೌಟಿಲ್ಯನ ಅರ್ಥಶಾಸ್ತ್ರ ಜಗತ್ತಿಗೆ ಸಿಕ್ಕಿದ್ದೇ ಅಲ್ಲಿಗೆ ಯಾರೋ ತಂದುಕೊಟ್ಟ ಒಂದು ಓಲೆಕಟ್ಟಿನಿಂದ. ಅಲ್ಲಿಯವರಿಗೆ ತೋರಿಸಿ. ಅವರು ಸಿಟ್ರೊನೆಲ್ಲಾ ಎಣ್ಣೆ ಸವರುತ್ತಾರೆ, ಅದನ್ನು ನೋಡಿ ಮನೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಲು ಹೋಗಬೇಡಿ. ಗಂಧ, ಕುಂಕುಮ ಇಡುವುದಿದ್ದರೆ ಸುತ್ತಿದ ಬಟ್ಟೆಗೆ ಇಡಿ. ಕೊನೆಯ ಓಲೆಯನ್ನು ವಿಶೇಷವಾಗಿ ಜೋಪಾನ ಮಾಡಿ, ಬರೆದವರ ಹೆಸರು ಇದ್ದರೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ದಾರ ಲಡ್ಡಾಗಿದ್ದರೆ ಬಿಚ್ಚುವ ಮುಂಚೆ ಅಂಚುಗಳ ಫೋಟೋ ತೆಗೆದುಕೊಳ್ಳಿ, ಆಮೇಲೆ ಒಂದೊಂದೇ ಓಲೆಯದ್ದು. ಸಾಲು ಒಮ್ಮೆ ತಪ್ಪಿದರೆ ಮತ್ತೆ ಜೋಡಿಸುವುದು ಬಹಳ ಕಷ್ಟ.